ಚಿನ್ನದ ಪಾಕೆಟ್ ವಾಚ್: ತೂಕ ಆಮೇಲೆ, ಮೊದಲು ಹಿಂದಿನ ಮುಚ್ಚಳ ತೆಗೀರಿ

ಹಳೇ ಕಾಲದ ಚಿನ್ನದ ಪಾಕೆಟ್ ವಾಚ್ ಕೈಗೆ ಕೊಟ್ಟರೆ ಮುಕ್ಕಾಲು ಪಾಲು ಜನ ಮೊದಲು ಅಂಗೈಯಲ್ಲೇ ತೂಗಿ ನೋಡುತ್ತಾರೆ. ಆಮೇಲೆ ಎಷ್ಟು ಕ್ಯಾರೆಟ್ ಅನ್ನುತ್ತಾರೆ. ತಪ್ಪೇನಿಲ್ಲ, ಚಿನ್ನ ಅಲ್ವಾ! 18 ಕ್ಯಾರೆಟ್ ಅಂದರೆ ನೂರಕ್ಕೆ 75 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಆದರೆ ನನಗೆ ಇಷ್ಟವಾಗುವ ಭಾಗದಲ್ಲಿ ಗುಲಗಂಜಿ ತೂಕದ ಚಿನ್ನ ಸಿಕ್ಕರೂ ಹೆಚ್ಚು. ಅಲ್ಲಿರುವುದು ಬಹುಪಾಲು ಹಿತ್ತಾಳೆ, ಉಕ್ಕು.

ಹಿಂದಿನ ಮುಚ್ಚಳದ ಅಂಚಿಗೆ ಉಗುರು ಕೊಟ್ಟು ಎತ್ತಿ. ಸಾಮಾನ್ಯವಾಗಿ ಒಳಗೆ ಇನ್ನೊಂದು ಮುಚ್ಚಳ ಇರುತ್ತದೆ, ಧೂಳು ತಡೆಯಲು. ಅದನ್ನೂ ತೆಗೆದು ಲೆನ್ಸ್ ಹಿಡಿದರೆ ಮೊದಲು ಕಣ್ಣಿಗೆ ಬೀಳುವುದು ಕಡುನೀಲಿ ಸ್ಕ್ರೂಗಳು. ಅದು ಬಣ್ಣ ಬಳಿದದ್ದಲ್ಲ. ಚೆನ್ನಾಗಿ ಪಾಲಿಶ್ ಮಾಡಿದ ಉಕ್ಕನ್ನು ನಿಧಾನವಾಗಿ ಕಾಯಿಸಿದರೆ ಮೊದಲು ತಿಳಿ ಹಳದಿ, ಆಮೇಲೆ ಕಂದು, ನೇರಳೆ, ಸುಮಾರು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಈ ನೀಲಿ. ಅಲ್ಲೇ ತೆಗೀಬೇಕು, ಸ್ವಲ್ಪ ಮೀರಿದರೆ ಬಣ್ಣ ಹೋಯಿತು, ಮತ್ತೆ ಪಾಲಿಶ್‌ನಿಂದ ಶುರು. ಒಳ್ಳೆಯ ವಾಚುಗಳಲ್ಲಿ ರಿಪೇರಿಯವನ ಹೊರತು ಯಾರೂ ನೋಡದ ಅಂಚುಗಳನ್ನೂ ಅರ ಹಾಕಿ ಇಳಿಜಾರು ಮಾಡಿ ಹೊಳೆಯಿಸಿರುತ್ತಾರೆ.

ಇನ್ನು ಅತ್ತಿತ್ತ ತಿರುಗುತ್ತಲೇ ವಾಚಿನ ಓಟವನ್ನು ಹದದಲ್ಲಿಡುವ ಬ್ಯಾಲೆನ್ಸ್ ಚಕ್ರ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿನ ಎಷ್ಟೋ ವಾಚುಗಳಲ್ಲಿ ಇದು ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ 5. ಅದರ ಜೊತೆಗೇ ಕೂದಲಿನಂಥ ಸುರುಳಿ ಸ್ಪ್ರಿಂಗ್. 1675ರಲ್ಲಿ ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹ್ಯೂಗೆನ್ಸ್ ಇದನ್ನು ವಾಚಿಗೆ ತಂದ. ಅದಕ್ಕೆ ಮುಂಚೆ ಹೆಚ್ಚಿನ ವಾಚುಗಳಿಗೆ ಗಂಟೆಯ ಮುಳ್ಳೊಂದೇ, ನಿಮಿಷ ತೋರಿಸಿ ಮರ್ಯಾದೆ ಕಳಕೊಳ್ಳುವುದು ಯಾಕೆ ಅಂತ!

ಆ ಸ್ಪ್ರಿಂಗಿಗೆ ಒಂದು ಕಾಟ ಇತ್ತು. ಬಿಸಿಯಾದರೆ ಅದರ ಬಿಗಿ ಕಡಿಮೆಯಾಗಿ ವಾಚ್ ನಿಧಾನ ಆಗುತ್ತದೆ. ಇದಕ್ಕೆ ಹುಡುಕಿದ ದಾರಿ ನೋಡಿ: ಚಕ್ರದ ಬಳೆಯನ್ನು ಒಳಗೆ ಉಕ್ಕು, ಹೊರಗೆ ಹಿತ್ತಾಳೆ ಬೆಸೆದು ಮಾಡಿದರು, ಎರಡು ಕಡೆ ಕತ್ತರಿಸಿ ಬಿಟ್ಟರು. ಬಿಸಿಗೆ ಹಿತ್ತಾಳೆ ಜಾಸ್ತಿ ಹಿಗ್ಗುತ್ತದೆ, ಹಾಗಾಗಿ ಬಿಟ್ಟ ತುದಿಗಳು ಒಳಕ್ಕೆ ಬಾಗುತ್ತವೆ, ಭಾರ ನಡುವಿಗೆ ಸರಿದು ಚಕ್ರ ಚುರುಕಾಗುತ್ತದೆ, ಸ್ಪ್ರಿಂಗ್ ಕಳೆದ ವೇಗವನ್ನು ಇದು ತುಂಬಿಕೊಡುತ್ತದೆ. ಬಳೆಯ ಸುತ್ತ ಕಾಣುವ ಪುಟ್ಟ ಸ್ಕ್ರೂಗಳು ಸುಮ್ನೆ ಅಂದಕ್ಕಲ್ಲ, ಈ ಲೆಕ್ಕವನ್ನು ಕೂರಿಸುವುದಕ್ಕೆ. ಇಡೀ ವಾಚಿನಲ್ಲಿ ನನಗೆ ಇದಕ್ಕಿಂತ ಜಾಣ ಕೆಲಸ ಕಾಣುವುದಿಲ್ಲ.

ಕೆಂಪು ಕಲ್ಲುಗಳೂ ಒಡವೆಗೆ ಇಟ್ಟವಲ್ಲ. ಚಕ್ರದ ಅಚ್ಚು ಸವೆಯದಿರಲಿ ಅಂತ ಮಾಣಿಕ್ಯಕ್ಕೆ ತೂತು ಕೊರೆದು ಕೂರಿಸಿದ್ದು. ಲಂಡನ್ನಿನಲ್ಲಿ 1704ರಲ್ಲೇ ಇದಕ್ಕೆ ಪೇಟೆಂಟ್ ಸಿಕ್ಕಿತ್ತು.

ಕೇಸಿನ ಮೇಲೆ ಹೂಬಳ್ಳಿ, ಜಿಂಕೆ ಅಂತ ತುಂಬಿಸಿದ ಕೆತ್ತನೆ ನನಗೆ ಅಷ್ಟಕ್ಕಷ್ಟೆ. ಬೇಸರದ ವಿಷಯ ಬೇರೆ ಇದೆ. ಚಿನ್ನದ ಬೆಲೆ ಏರಿದಾಗೆಲ್ಲ ಇಂಥ ಕೇಸುಗಳು ಕರಗಿಸುವ ಕುಲುಮೆಗೆ ಹೋಗಿವೆ, ಒಳಗಿನ ಮೆಷಿನ್ ಮಾತ್ರ ಉಳಿದಿದೆ. ಕೇಸ್ ಇಲ್ಲದ ಮೆಷಿನ್‌ಗಳು ಇಷ್ಟೊಂದು ಮಾರಾಟಕ್ಕೆ ಬರುವುದಕ್ಕೆ ಅದೂ ಒಂದು ಕಾರಣ. ಕೊಳ್ಳುವವರು ಇನ್ನೊಂದು ಗಮನಿಸಿ. ಮುಚ್ಚಳದ ಒಳಗೆ 20 ವರ್ಷ ಗ್ಯಾರಂಟಿ ಎಂಬ ಮುದ್ರೆ ಇದ್ದರೆ ಅದು ಗಟ್ಟಿ ಚಿನ್ನ ಅಲ್ಲ, ಅಗ್ಗದ ಲೋಹಕ್ಕೆ ಹೊದಿಸಿದ ಚಿನ್ನದ ತಗಡು. ಅಂಚು ಸವೆದ ಕಡೆ ಹಿತ್ತಾಳೆ ಇಣುಕುತ್ತದೆ.

ಸಿಕ್ಕ ಕೂಡಲೇ ಕೀ ಕೊಡಬೇಡಿ. ಒಳಗಿನ ಎಣ್ಣೆ ಒಣಗಿರುತ್ತದೆ, ಮೊದಲು ಬಿಚ್ಚಿ ತೊಳೆಸಿ. ಮುಂದೆಯೂ ಮುಚ್ಚಳ ಇರುವ ವಾಚಾದರೆ ಅದನ್ನು ಟಕ್ ಅಂತ ಮುಚ್ಚುವ ಚಪಲ ಬಿಡಿ. ಮೇಲಿನ ಗುಂಡಿ ಒತ್ತಿ ಹಿಡಿದು, ಮುಚ್ಚಳ ಇಳಿಸಿ, ಆಮೇಲೆ ಬೆರಳು ತೆಗೀರಿ. ಇಲ್ಲದಿದ್ದರೆ ಮೆತ್ತನೆಯ ಚಿನ್ನದ ಅಂಚನ್ನು ಉಕ್ಕಿನ ಕೊಂಡಿ ಉಜ್ಜಿ ಉಜ್ಜಿ ಸವೆಸಿಬಿಡುತ್ತದೆ, ಆಮೇಲೆ ಮುಚ್ಚಳ ನಿಲ್ಲುವುದೇ ಇಲ್ಲ.