ಮಂಕಿ ಗೇಮಿನ ಸಂಗೀತ ಮಾಡಿದವರು

2023ರ ಜನವರಿಯ ಒಂದು ಶನಿವಾರ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಇಲ್ಲಿನ ಮಳೆ ನಮ್ಮ ಕಡೆಯ ಹಾಗೆ ಧೋ ಅಂತ ಸುರಿದು ಮುಗಿಯುವುದಿಲ್ಲ. ಗಾಳಿಯ ಜೊತೆ ಅಡ್ಡಡ್ಡ ಬಂದು ಮುಖಕ್ಕೆ ಹೊಡೆಯುತ್ತದೆ. ಗೆಳತಿಯ ಮಗುವಿಗೆ ಸ್ವೆಟರ್ ತರೋಣ ಅಂತ ನಾನು ಆಮ್‌ಸ್ಟೆಲ್‌ವೇನ್‌ನಿಂದ ಪೇಟೆಗೆ ಬಂದಿದ್ದೆ. ಸ್ವೆಟರ್ ಸಿಕ್ಕಿತು. ಸ್ಪೌಸ್ಟ್ರಾಟ್ ಬೀದಿಯಲ್ಲಿ ವಾಪಸ್ ನಡೆದು ಬರುವಾಗ ಮಳೆ ಜೋರಾಯಿತು. ಪಕ್ಕದಲ್ಲೇ ಇದ್ದ ಅಂಗಡಿಯೊಳಗೆ ನುಗ್ಗಿದೆ. ಅದು ರಷ್ ಅವರ್ ಎಂಬ ರೆಕಾರ್ಡ್ ಅಂಗಡಿ.

ಒಳಗೆ ಮರದ ಡಬ್ಬಿಗಳ ತುಂಬ ರೆಕಾರ್ಡುಗಳು. ಹತ್ತು ಹನ್ನೆರಡು ಜನ ತಲೆ ತಗ್ಗಿಸಿಕೊಂಡು, ಕಡತ ಹುಡುಕುವವರ ಹಾಗೆ, ಒಂದೊಂದನ್ನೇ ಹಿಂದಕ್ಕೆ ಮಗುಚುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಸ್ಪೀಕರಿನಲ್ಲಿ ಒಂದು ಹಾಡು ಬರುತ್ತಿತ್ತು. ಅದರಲ್ಲಿ ಮಾತಿಲ್ಲ. ಕಾಲು ಕುಣಿಸುವ ಸರಳ ತಾಳ, ಅದರ ಮೇಲೆ ಆರ್ಗನ್ನಿನ ಹಾಗೆ ಮೃದುವಾಗಿ ಹರಡಿದ ಸ್ವರಗಳು. ಒದ್ದೆ ಕೋಟು ಹಾಕಿಕೊಂಡು ನಿಂತಿದ್ದ ನನಗೆ ಯಾರೋ ಬಿಸಿ ಬಿಸಿ ಟೀ ಕೊಟ್ಟ ಹಾಗಾಯಿತು.

ಇದು ಯಾರದು ಅಂತ ಗಲ್ಲೆಯಲ್ಲಿದ್ದ ಹುಡುಗನನ್ನು ಕೇಳಿದೆ. ಅವನು ಖುಷಿಯಿಂದ ಒಂದು ರೆಕಾರ್ಡ್ ತೆಗೆದು ನನ್ನ ಕೈಗಿಟ್ಟ. 'ಅಸಕುಸಾ ಲೈಟ್', ಸೋಯಿಚಿ ತೆರಾದಾ. ಹಿಂದಿನ ತಿಂಗಳಷ್ಟೇ ಬಂದಿದೆ, ನಮ್ಮದೇ ಲೇಬಲ್ಲು, ನಾವೇ ಹೊರತಂದಿದ್ದು ಅಂದ. ಮೂಲೆಯಲ್ಲಿದ್ದ ಟರ್ನ್‌ಟೇಬಲ್ ತೋರಿಸಿ, ಬೇಕಾದರೆ ಪೂರ್ತಿ ಕೇಳಿ ಅಂದ. ಹೆಡ್‌ಫೋನ್ ಹಾಕಿಕೊಂಡೆ. ಸೂಜಿಯನ್ನು ನಾನೇ ಇಡಬೇಕಾಯಿತು. ಕೈ ಸ್ವಲ್ಪ ನಡುಗಿತು. ಚಿಟ್ ಅಂತ ಒಂದು ಸದ್ದು, ಆಮೇಲೆ ಸಂಗೀತ.

ಸುಮ್ನೆ ಮಳೆ ನಿಲ್ಲಲಿ ಅಂತ ಒಳಗೆ ಹೋದವಳು ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದೆ. ರೆಕಾರ್ಡ್ ಕೊಂಡೆ. ಮನೆಯಲ್ಲಿ ಟರ್ನ್‌ಟೇಬಲ್ ಇರಲಿಲ್ಲ. ಇದ್ದರೂ ಇಲ್ಲದಿದ್ದರೂ ಅದು ನನ್ನ ಹತ್ತಿರ ಇರಬೇಕು ಅನಿಸಿತು, ಅಷ್ಟೆ.

ಲೈಡ್ಸೆಪ್ಲೇನ್‌ವರೆಗೆ ನಡೆದು 5ನೇ ನಂಬರ್ ಟ್ರಾಮ್ ಹತ್ತಿದೆ. ಕಿಟಕಿ ಪಕ್ಕದ ಸೀಟು. ಸ್ವೆಟರಿನ ಚೀಲ ಕಾಲ ಬಳಿ, ರೆಕಾರ್ಡ್ ಮಡಿಲಲ್ಲಿ. ಈ ತೆರಾದಾ ಯಾರು ಅಂತ ಫೋನಿನಲ್ಲಿ ನೋಡತೊಡಗಿದೆ. 1965ರಲ್ಲಿ ಹುಟ್ಟಿದವರು. ಟೋಕಿಯೊದ ವಿಶ್ವವಿದ್ಯಾಲಯವೊಂದರಲ್ಲಿ ಕಂಪ್ಯೂಟರ್ ಓದಿದ್ದಾರೆ, ಜೊತೆಗೆ ಎಲೆಕ್ಟ್ರಿಕ್ ಆರ್ಗನ್ ಕಲಿತಿದ್ದಾರೆ. ಓಹೋ, ಅಂಗಡಿಯಲ್ಲಿ ನನಗೆ ಆರ್ಗನ್ ಅನಿಸಿದ್ದು ಸುಮ್ಮನೆ ಅಲ್ಲ. ಹೀಗೇ ಕೆಳಗೆ ಓದುತ್ತಾ ಹೋದೆ. ಹೌಸ್ ಎಂಬ ಕ್ಲಬ್ ಕುಣಿತದ ಸಂಗೀತ, ಸ್ವಂತ ಲೇಬಲ್, ನ್ಯೂಯಾರ್ಕ್... ಆಮೇಲೆ ಒಂದು ಸಾಲು ಬಂತು. 1999, ಪ್ಲೇಸ್ಟೇಷನ್ ಆಟ 'ಏಪ್ ಎಸ್ಕೇಪ್', ಸಂಗೀತ: ಸೋಯಿಚಿ ತೆರಾದಾ.

ಮ್ಯೂಸಿಯಮ್‌ಪ್ಲೇನ್ ಸ್ಟಾಪ್ ಬಂದು ಹೋಯಿತು. ನನಗೆ ಗೊತ್ತೇ ಆಗಲಿಲ್ಲ.

ನಾನು ಆ ಹೊತ್ತಿಗೆ ದಾವಣಗೆರೆಯಲ್ಲಿದ್ದೆ. ದೊಡ್ಡಪ್ಪನ ಮನೆಯ ನಡುಮನೆ, 2002ರ ಬೇಸಿಗೆ ರಜೆ. ದೊಡ್ಡಪ್ಪನ ಮಗ, ನಾನು ಅಣ್ಣ ಅಂತಲೇ ಕರೆಯುವವನು, ಹೇಗೋ ಹಟ ಮಾಡಿ ಪ್ಲೇಸ್ಟೇಷನ್ ತರಿಸಿಕೊಂಡಿದ್ದ. ಬೆಂಗಳೂರಿಗೆ ಹೋದವರ ಕೈಲಿ ಸಿ.ಡಿ. ತರಿಸುತ್ತಿದ್ದ. ಕಾಪಿ ಮಾಡಿದ ಸಿ.ಡಿ.ಗಳು. ಕವರ್ ಇಲ್ಲ, ಚಿತ್ರ ಇಲ್ಲ, ಯಾರು ಮಾಡಿದ್ದು ಅಂತ ಏನೂ ಇಲ್ಲ. ಒಂದರ ಮೇಲೆ ಅಣ್ಣ ಕಪ್ಪು ಮಾರ್ಕರಿನಲ್ಲಿ ತಾನೇ ಬರೆದಿದ್ದ: 'ಮಂಕಿ ಗೇಮ್'.

ಅದೇ ಈ 'ಏಪ್ ಎಸ್ಕೇಪ್'. ಕೋತಿಗಳನ್ನು ಬಲೆ ಬೀಸಿ ಹಿಡಿಯುವ ಆಟ. ಒಂದೊಂದು ಕೋತಿಗೂ ತಲೆ ಮೇಲೆ ಹೆಲ್ಮೆಟ್, ಅದರ ಮೇಲೊಂದು ದೀಪ. ದೀಪ ನೀಲಿ ಇದ್ದರೆ ಕೋತಿ ಆರಾಮಾಗಿದೆ ಅಂತ. ಹಳದಿ ಆದರೆ ಅದಕ್ಕೆ ಅನುಮಾನ ಬಂದಿದೆ. ಕೆಂಪಾದರೆ ಮುಗಿಯಿತು, ಓಟ. ಎಡಗೈ ಕಡ್ಡಿಯಲ್ಲಿ ನಡೆಯಬೇಕು, ಬಲಗೈ ಕಡ್ಡಿಯಲ್ಲಿ ಬಲೆ ಬೀಸಬೇಕು. ಎರಡು ಕಡ್ಡಿಯ ಕಂಟ್ರೋಲರ್ ಇಲ್ಲದೆ ಆಡಲಿಕ್ಕೇ ಆಗದ ಮೊದಲ ಆಟ ಅದು. ನಮ್ಮ ಹತ್ತಿರ ಅಂಥದ್ದು ಇದ್ದಿದ್ದು ಒಂದೇ. ಅಣ್ಣ ಆಡುವಾಗ ನಾನು ದೀಪ ನೋಡಿ ಹೇಳಬೇಕು. "ಹಳದಿ! ಹಳದಿ ಆತು! ಕುಂತ್ಕೋ!"

ಮೆಮೊರಿ ಕಾರ್ಡ್ ನಮ್ಮ ಹತ್ತಿರ ಇರಲಿಲ್ಲ. ಅಂದರೆ ಎಷ್ಟೇ ದೂರ ಹೋಗಿದ್ದರೂ ಮೆಷಿನ್ ಆಫ್ ಆದರೆ ಮತ್ತೆ ಮೊದಲಿನಿಂದ ಶುರು. ಆಗೆಲ್ಲ ಲೋಡ್ ಶೆಡ್ಡಿಂಗ್ ಬೇರೆ. ದಿನಕ್ಕೆ ಎರಡು ಸಲ ಗ್ಯಾರಂಟಿ. ಹಾಗಾಗಿ ಆ ಬೇಸಿಗೆಯಲ್ಲಿ ಮೊದಲನೇ ಹಂತವನ್ನು, ಡೈನೋಸಾರ್ ಕಾಲದ ಆ ಹಸಿರು ಬಯಲನ್ನು, ಎಷ್ಟು ಸಲ ಆಡಿದೆವೋ ಲೆಕ್ಕವಿಲ್ಲ. ಆಟದ ಕೊನೆ ನಾವು ನೋಡಲೇ ಇಲ್ಲ. ಹೆಸರುಗಳು ಬರುವುದು ಕೊನೆಯಲ್ಲಿ. ಆದರೆ ಮೊದಲ ಹಂತದ ಸಂಗೀತ ಇಬ್ಬರಿಗೂ ಬಾಯಿಪಾಠ ಆಗಿತ್ತು. ಕರೆಂಟ್ ಹೋದಾಗ ಅಣ್ಣ ಬಾಯಲ್ಲಿ ಡ್ರಮ್ ಹೊಡೆಯುತ್ತಿದ್ದ, ನಾನು ಕೆಳಗಿನ ದಪ್ಪ ಸ್ವರ ಹಾಡುತ್ತಿದ್ದೆ. ದೊಡ್ಡಮ್ಮ ಅಡುಗೆಮನೆಯಿಂದಲೇ, "ಮೆಷಿನ್ ನಿಂತ್ರೂ ಇವರ್ ನಿಲ್ಲಂಗಿಲ್ಲ ನೋಡು" ಅನ್ನುತ್ತಿದ್ದರು.

ಟ್ರಾಮಿನಲ್ಲೇ ಇಯರ್‌ಫೋನ್ ಹಾಕಿಕೊಂಡು ಆ ಸಂಗೀತ ಹುಡುಕಿ ಹಚ್ಚಿದೆ. ಇಪ್ಪತ್ತೊಂದು ವರ್ಷ ಆಗುತ್ತಾ ಬಂದಿತ್ತು. ಎಲ್ಲಿ ಡ್ರಮ್ ತಿರುಗುತ್ತದೆ, ಎಲ್ಲಿ ಒಂದು ಕ್ಷಣ ನಿಂತು ಮತ್ತೆ ಹೊರಡುತ್ತದೆ, ಎಲ್ಲ ನನಗೆ ಮೊದಲೇ ಗೊತ್ತಿತ್ತು. ಕಣ್ಣಲ್ಲಿ ನೀರು ಬಂತು. ಎದುರಿಗೆ ಕೂತಿದ್ದ ಅಜ್ಜಿಯೊಬ್ಬರು ನೋಡಿ ಮೆಲ್ಲಗೆ ನಕ್ಕರು. ನಾನೂ ನಕ್ಕೆ.

ಆವತ್ತು ಸಂಜೆಯಿಡೀ ತೆರಾದಾ ಅವರದ್ದೇ. ಅವರ ಬದುಕನ್ನು ವರ್ಷ ವರ್ಷವಾಗಿ ಓದಿದೆ, ಕೇಳಿದೆ. ಮುಖ್ಯ ಅನಿಸಿದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

1990ರ ಆಸುಪಾಸಿನಲ್ಲಿ ಅವರು ಫಾರ್ ಈಸ್ಟ್ ರೆಕಾರ್ಡಿಂಗ್ ಅಂತ ಸ್ವಂತ ಪುಟ್ಟ ಲೇಬಲ್ ಶುರು ಮಾಡಿದರು. ಜೊತೆಗೆ ಗೆಳೆಯ ಶಿನಿಚಿರೊ ಯೊಕೊಟಾ. ಅಮೆರಿಕದ ಕ್ಲಬ್ಬುಗಳಲ್ಲಿ ಬೆಳೆದ ಹೌಸ್ ಸಂಗೀತಕ್ಕೆ ಇಬ್ಬರೂ ಮನಸೋತಿದ್ದರು. ಗಾಯಕಿ ನಾಮಿ ಶಿಮಾಡಾ ಅವರ 'ಸನ್ ಶವರ್' ಹಾಡನ್ನು ತೆರಾದಾ ಹೌಸ್ ಶೈಲಿಯಲ್ಲಿ ಹೊಸದಾಗಿ ಕಟ್ಟಿದರು. ಅದು ನ್ಯೂಯಾರ್ಕಿನ ಲ್ಯಾರಿ ಲೆವಾನ್ ಕೈ ಸೇರಿತು. ಪ್ಯಾರಡೈಸ್ ಗರಾಜ್ ಎಂಬ ಕ್ಲಬ್ಬಿನಲ್ಲಿ ಹತ್ತು ವರ್ಷ ಜನರನ್ನು ಬೆಳತನಕ ಕುಣಿಸಿದ ಡಿಜೆ ಅವರು. ಆ ಹಾಡನ್ನು ಅವರೂ ರಿಮಿಕ್ಸ್ ಮಾಡಿದರು. 1992ರಲ್ಲಿ, ಮೂವತ್ತೆಂಟನೇ ವಯಸ್ಸಿಗೆ, ಲೆವಾನ್ ತೀರಿಕೊಂಡರು. ಟೋಕಿಯೊದ ಹುಡುಗನೊಬ್ಬ ಯಾರ ಸಂಗೀತ ಕೇಳಿ ಕಲಿತನೋ, ಅವರೇ ಬಂದು ಅವನ ಹಾಡನ್ನು ಮುಟ್ಟಿದರು. ಇದಕ್ಕಿಂತ ದೊಡ್ಡ ಬಹುಮಾನ ಯಾವುದಿದೆ ಹೇಳಿ?

ಆದರೆ ದೊಡ್ಡ ಹೆಸರು ಬರಲಿಲ್ಲ. ಅವರ ರೆಕಾರ್ಡುಗಳು ಹೊರಗೆ ಹೋಗಿದ್ದು ಕೆಲವೇ ಕೆಲವರ ಕೈಗೆ. ತೊಂಬತ್ತರ ದಶಕದ ನಡುವೆ ಅವರು ಹೌಸ್ ಬಿಟ್ಟು ಜಂಗಲ್ ಕಡೆ ಹೊರಳಿದರು. ಜಂಗಲ್ ಅಂದರೆ ಲಂಡನ್ನಿನಲ್ಲಿ ಹುಟ್ಟಿದ ಶೈಲಿ. ಹಳೇ ರೆಕಾರ್ಡುಗಳಲ್ಲಿನ ಡ್ರಮ್ ತುಣುಕುಗಳನ್ನು ಚೂರು ಚೂರು ಮಾಡಿ, ವೇಗ ಹೆಚ್ಚಿಸಿ, ಮತ್ತೆ ಬೇರೆ ಬೇರೆ ಥರ ಜೋಡಿಸುತ್ತಾರೆ. ಮೃದಂಗ ಪಾಠಕ್ಕೆ ಹೋದವರಿಗೆ ಇದು ಬೇಗ ಅರ್ಥ ಆಗುತ್ತದೆ. ಕೆಳಗಿನ ಬೇಸ್ ಒಂದನೇ ಕಾಲದಲ್ಲಿ ನಿಧಾನಕ್ಕೆ ನಡೆಯುತ್ತಿರುತ್ತದೆ, ಮೇಲಿನ ಡ್ರಮ್ ಎರಡನೇ ಕಾಲದಲ್ಲಿ ಓಡುತ್ತಿರುತ್ತದೆ. ಎರಡೂ ಸರಿಯಾಗಿ ಸಮಕ್ಕೆ ಬಂದು ಕೂಡುತ್ತವೆ. ಚಿಕ್ಕವರಿದ್ದಾಗ ಅಣ್ಣ ಡ್ರಮ್ಮನ್ನೂ ನಾನು ಬೇಸನ್ನೂ ಹಂಚಿಕೊಂಡಿದ್ದು ಇದೇ ಕಾರಣಕ್ಕೆ. ಒಬ್ಬರ ಬಾಯಲ್ಲಿ ಎರಡೂ ಹಿಡಿಯುವುದಿಲ್ಲ.

ಸುಮೋ ಕುಸ್ತಿಯನ್ನೂ ಜಂಗಲ್ಲನ್ನೂ ಸೇರಿಸಿ ಅವರು 'ಸುಮೋ ಜಂಗಲ್' ಅಂತಲೇ ಮಾಡಿದರು. ಆಟದ ನಿರ್ದೇಶಕರು ಅದನ್ನು ಕೇಳಿದ ಮೇಲೆ ಕೋತಿ ಆಟದ ಕೆಲಸ ಇವರಿಗೆ ಬಂತು. ಮಕ್ಕಳ ಆಟ ತಾನೇ ಅಂತ ಅವರು ಸಂಗೀತವನ್ನು ಸಪ್ಪೆ ಮಾಡಲಿಲ್ಲ. ಲಂಡನ್ನಿನ ಕ್ಲಬ್ಬಿಗೆ ಕೊಡಬಹುದಾದ್ದನ್ನೇ ಮಕ್ಕಳಿಗೂ ಕೊಟ್ಟರು. ಈಗ ಜನ ಹೆಚ್ಚು ಮೆಚ್ಚುವುದು ಅವರ ಹೌಸ್ ಹಾಡುಗಳನ್ನು. ನನ್ನ ಮಟ್ಟಿಗೆ ಕೋತಿ ಆಟದ ಸಂಗೀತವೇ ಅವರ ದೊಡ್ಡ ಕೆಲಸ. ಜಂಗಲ್ ಎಂಬ ಶಬ್ದವನ್ನೇ ಕೇಳದ ದಾವಣಗೆರೆಯ ನಡುಮನೆಗೂ ಅದು ಬಂದು ಮುಟ್ಟಿತಲ್ವಾ?

2001ರಿಂದ ಅವರದ್ದು ಒಮೊಡಾಕಾ ಅಂತ ಇನ್ನೊಂದು ವೇಷ. ಜಪಾನಿನ ಜನಪದ ಹಾಡುಗಳಿಗೆ ಗೇಮ್ ಬಾಯ್‌ನಂಥ ಯಂತ್ರಗಳ ಕೀಚಲು ಸದ್ದಿನ ಜೊತೆ. ಅದರ ಒಂದು ವಿಡಿಯೊ ನೋಡಿದೆ. ತೆರಾದಾ ದೇವಸ್ಥಾನದ ಸೇವಕಿಯರ ಬಿಳಿ-ಕೆಂಪು ಉಡುಪು ಹಾಕಿ, ಮುಖವಾಡ ತೊಟ್ಟು ನಿಂತಿದ್ದಾರೆ. ಹಾಡುವ ಅಕಿಕೊ ಕನಾಜಾವಾ ಪಕ್ಕದ ಪರದೆಯಲ್ಲಿ ಕಾಣಿಸುತ್ತಾರೆ. ಕೇಳುತ್ತಾ ಕೇಳುತ್ತಾ ನನಗೆ ಅಜ್ಜಿಯ ಬೀಸುಕಲ್ಲಿನ ಪದ ನೆನಪಾಯಿತು. ಆ ಪದಗಳಿಗೂ ಯಾರಾದರೂ ಇಷ್ಟೇ ಪ್ರೀತಿಯಿಂದ ಹೀಗೊಂದು ಜೊತೆ ಕಟ್ಟಲಿ ಅಂತ ಆಸೆಯಾಯಿತು.

ಹೀಗೆ ಅವರು ಕೆಲಸ ಮಾಡುತ್ತಲೇ ಇದ್ದರು. ಅಷ್ಟರಲ್ಲಿ ಆ ಹಳೇ ಹೌಸ್ ರೆಕಾರ್ಡುಗಳು ಅಪರೂಪದ ವಸ್ತುಗಳಾಗಿ, ಹುಡುಕುವವರ ನಡುವೆ ಜಾಸ್ತಿ ದುಡ್ಡಿಗೆ ಕೈ ಬದಲಾಯಿಸತೊಡಗಿದ್ದವು. ಜರ್ಮನಿಯಲ್ಲಿ ಹುಟ್ಟಿದ, ಕೊರಿಯನ್ ಮೂಲದ ಡಿಜೆ ಹುನಿ ಅವುಗಳಲ್ಲಿ ಒಳ್ಳೆಯವನ್ನು ಆರಿಸಿದರು. 2015ರಲ್ಲಿ ರಷ್ ಅವರ್ ಅದನ್ನು 'ಸೌಂಡ್ಸ್ ಫ್ರಮ್ ದಿ ಫಾರ್ ಈಸ್ಟ್' ಅಂತ ಹೊರತಂದಿತು. ನಾನು ಮಳೆಗೆ ಒಳಹೊಕ್ಕ ಅಂಗಡಿಯವರೇ! ಐವತ್ತನೇ ವಯಸ್ಸಿನಲ್ಲಿ ತೆರಾದಾ ಯೂರೋಪಿನ ವೇದಿಕೆಗಳಿಗೆ ಬಂದರು. ವಿಡಿಯೊಗಳಲ್ಲಿ ನೋಡಬೇಕು ಅವರ ಮುಖ. ಇಷ್ಟು ವರ್ಷ ಎಲ್ಲಿದ್ದಿರಿ ಅನ್ನುವ ದೂರು ಅದರಲ್ಲಿ ಚೂರೂ ಇಲ್ಲ. ಹಬ್ಬದ ಮನೆಗೆ ಬಂದ ನೆಂಟರನ್ನು ಎದುರುಗೊಳ್ಳುವ ನಗು. 2022ರ 'ಅಸಕುಸಾ ಲೈಟ್' ಅವರು ಇಪ್ಪತ್ತೈದಕ್ಕೂ ಹೆಚ್ಚು ವರ್ಷದ ಮೇಲೆ ಮಾಡಿದ ಹೌಸ್ ಆಲ್ಬಂ.

ರಾತ್ರಿ ಪೂರ್ತಿ ನಿದ್ದೆ ಇಲ್ಲ. ದಾವಣಗೆರೆಯಲ್ಲಿ ಭಾನುವಾರ ಬೆಳಗಾಗುವುದನ್ನೇ ಕಾಯುತ್ತಿದ್ದೆ. ಅಲ್ಲಿ ಏಳೂವರೆ ಆದ ಕೂಡಲೇ ಅಣ್ಣನಿಗೆ ಫೋನ್ ಮಾಡಿದೆ. ಅಣ್ಣನದು ಈಗ ಪಿ.ಬಿ. ರಸ್ತೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ.

"ಏನೇ ಪುಟ್ಟಿ, ಇಷ್ಟೊತ್ನಲ್ಲಿ? ಎಲ್ಲ ಆರಾಮಿದೀಯಾ?"

"ಆರಾಮಿದೀನಿ ಅಣ್ಣ. ಮಾತಾಡ್ಬೇಡ. ಸುಮ್ನೆ ಒಂದು ನಿಮಿಷ ಕೇಳು."

ಲ್ಯಾಪ್‌ಟಾಪಿನ ಸ್ಪೀಕರಿಗೆ ಫೋನ್ ಹಿಡಿದೆ. ಆ ಕಡೆ ಮೌನ. ಒಂದು ಸ್ಕೂಟರ್ ಹೋದ ಸದ್ದು, ಎಲ್ಲೋ ಹಾಲಿನವನ ಹಾರ್ನ್. ಆಮೇಲೆ ಬಹಳ ಮೆಲ್ಲಗೆ, ನಾಲಿಗೆಯನ್ನು ಅಂಗುಳಕ್ಕೆ ಹೊಡೆಯುತ್ತಾ, ಅಣ್ಣ ಡ್ರಮ್ ಶುರು ಮಾಡಿದ. ಒಂದು ಪೆಟ್ಟೂ ತಪ್ಪಲಿಲ್ಲ. ನಾನು ಕೆಳಗಿನ ಸ್ವರ ಹಿಡಿದೆ.

"ಯಾರದೇ ಇದು?" ಅಂತ ಕೊನೆಗೆ ಕೇಳಿದ. ಎಲ್ಲ ಹೇಳಿದೆ. ನ್ಯೂಯಾರ್ಕ್, ಸುಮೋ, ಐವತ್ತನೇ ವಯಸ್ಸು, ಮಳೆ. ಅವನು ನಡುವೆ ಎಲ್ಲೂ ಮಾತಾಡಲಿಲ್ಲ. ಮುಗಿದ ಮೇಲೆ, "ಹೆಸರು ಇನ್ನೊಂದ್ಸಲ ಹೇಳು, ಬಿಡಿಸಿ ಬಿಡಿಸಿ" ಅಂದ.

ಮಧ್ಯಾಹ್ನ ಒಂದು ಫೋಟೊ ಬಂತು. ಅಟ್ಟದ ಮೇಲಿಂದ ತೆಗೆದಿದ್ದಿರಬೇಕು, ಮೂಲೆಯಲ್ಲಿ ಇನ್ನೂ ಧೂಳು ಅಂಟಿಕೊಂಡಿದ್ದ ಸಿ.ಡಿ. ಮೇಲೆ ಅವನ ಹಳೇ ಕೈಬರಹ, 'ಮಂಕಿ ಗೇಮ್', ಮಾಸಿ ಕಂದಾಗಿತ್ತು. ಅದರ ಕೆಳಗೆ ಹೊಸ ಮಾರ್ಕರಿನಲ್ಲಿ, ಇನ್ನೂ ಹೊಳೆಯುವ ಕಪ್ಪಿನಲ್ಲಿ, ದುಂಡಗೆ ಬರೆದಿದ್ದ: ಸಂಗೀತ, ಸೋಯಿಚಿ ತೆರಾದಾ.