ಲಾಸ್ ವೇಗಸ್‌ನಲ್ಲಿ ಪೋಕರ್ ಟೂರ್ನಮೆಂಟ್: ಟಿಕೆಟ್ ತೆಗೆಯುವ ಮೊದಲು ಓದಿ

ಹಿಂದಿರುಗುವ ಟಿಕೆಟನ್ನು ಯಾವ ದಿನಕ್ಕೆ ತೆಗೆಯಬೇಕು? ವರ್ಲ್ಡ್ ಸೀರೀಸ್ ಆಫ್ ಪೋಕರ್ ಎಂಬ ಇಸ್ಪೀಟ್ ಟೂರ್ನಮೆಂಟುಗಳ ಸರಣಿಯಲ್ಲಿ ಆಡಲು ಲಾಸ್ ವೇಗಸ್‌ಗೆ ಹೊರಡುವವರು ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಬೇಕು. ಮಧ್ಯಾಹ್ನ ಕುಳಿತವರು ಒಂದು ಗಂಟೆಯಲ್ಲಿ ಎದ್ದು ಹೊರಗೆ ಬರಬಹುದು. ಮೂರನೆಯ ದಿನವೂ ಅಲ್ಲೇ ಕುಳಿತಿರಬಹುದು. ವಿಮಾನ ಕಂಪನಿಗೂ ಹೋಟೆಲಿಗೂ ಈ ಅನಿಶ್ಚಿತತೆಯೊಂದಿಗೆ ಯಾವ ಸಂಬಂಧವೂ ಇಲ್ಲ. ನನಗೆ ಅಲ್ಲಿ ಆದ ನಷ್ಟದಲ್ಲಿ ದೊಡ್ಡ ಪಾಲು ಇಸ್ಪೀಟ್ ಎಲೆಗಳಿಂದ ಆದದ್ದಲ್ಲ, ಕೋಣೆಯಿಂದ ಆದದ್ದು. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ವೇಗಸ್‌ನ ಕೋಣೆಗಳಿಗೆ ಎರಡು ಮುಖ. ಭಾನುವಾರದಿಂದ ಗುರುವಾರದವರೆಗೆ ಅಗ್ಗ. ಶುಕ್ರವಾರ, ಶನಿವಾರ ಬಂತೆಂದರೆ ಅದೇ ಕೋಣೆ, ಅದೇ ಹಾಸಿಗೆ, ಬೆಲೆ ಮಾತ್ರ ಎರಡು ಮೂರು ಪಟ್ಟು. ನಾನು ಲೆಕ್ಕ ಹಾಕಿ ಶುಕ್ರವಾರ ಬೆಳಿಗ್ಗೆ ಬಿಡುವಂತೆ ಕಾದಿರಿಸಿದ್ದೆ. ಗುರುವಾರದ 600 ಡಾಲರ್ ಪ್ರವೇಶದ ಟೂರ್ನಮೆಂಟಿನಲ್ಲಿ ರಾತ್ರಿ ಒಂದು ಗಂಟೆಗೆ, ಮರುದಿನದ ಆಟಕ್ಕೆಂದು ಉಳಿದ ಚಿಪ್‌ಗಳನ್ನು (ಪಣ ಕಟ್ಟುವ ಬಿಲ್ಲೆಗಳು) ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹೆಸರು ಬರೆದು ಮುಚ್ಚಿಕೊಟ್ಟಾಗ ಆದ ಸಂತೋಷ ಹೋಟೆಲಿನ ಕೌಂಟರ್ ತಲುಪುವವರೆಗೆ ಮಾತ್ರ ಉಳಿಯಿತು. ಎರಡನೆಯ ದಿನದ ಆಟ ಶುಕ್ರವಾರ. ಕೋಣೆ ಮುಂದುವರಿಸಬೇಕೆಂದರೆ ಹಳೆಯ ದರ ಸಿಗುವುದಿಲ್ಲ, ವಾರಾಂತ್ಯಕ್ಕೆ ಕನಿಷ್ಠ ಎರಡು ರಾತ್ರಿ ತೆಗೆದುಕೊಳ್ಳಬೇಕು ಎಂದರು. ಅದರ ಮೇಲೆ ದಿನದ ‘ರೆಸಾರ್ಟ್ ಶುಲ್ಕ’, ಮತ್ತೊಮ್ಮೆ ಕಾರ್ಡಿನ ಮೇಲೆ ಠೇವಣಿ ತಡೆ. ಮರುದಿನ ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಹೊರಬಿದ್ದೆ. ಸಿಕ್ಕಿದ್ದು ಕನಿಷ್ಠ ಬಹುಮಾನ, ಅಂದರೆ ಪ್ರವೇಶ ಶುಲ್ಕದ ಸುಮಾರು ಎರಡರಷ್ಟು. ಅದರಲ್ಲಿನ ಲಾಭ ಆ ಎರಡು ರಾತ್ರಿಗಳಿಗೂ ಸಾಲಲಿಲ್ಲ. ಗೆದ್ದು ಸೋಲುವುದು ಎಂದರೆ ಇದೇ.

ಠೇವಣಿ ತಡೆಯ ವಿಷಯ ವಿದೇಶದಿಂದ ಹೋಗುವವರಿಗೆ ಮುಖ್ಯ. ಕೋಣೆಯ ಬಾಡಿಗೆ ಮೊದಲೇ ಕಟ್ಟಿದ್ದರೂ ಸಂಭವನೀಯ ಖರ್ಚಿಗೆಂದು ಪ್ರತಿ ರಾತ್ರಿಗೆ ಇಂತಿಷ್ಟು ಎಂದು ಕಾರ್ಡಿನಲ್ಲಿ ಹಣ ಹಿಡಿದಿಡುತ್ತಾರೆ. ಕ್ರೆಡಿಟ್ ಕಾರ್ಡಾದರೆ ಮಿತಿಯಲ್ಲಿ ಅಷ್ಟು ಕಡಿಮೆಯಾಗುತ್ತದೆ, ಅಷ್ಟೆ. ಹಣ ತುಂಬಿಸಿಕೊಂಡು ಹೋದ ಫಾರೆಕ್ಸ್ ಕಾರ್ಡಾದರೆ ನಿಮ್ಮದೇ ದುಡ್ಡು ಹೋಟೆಲ್ ಬಿಟ್ಟ ಮೇಲೂ ಕೆಲವು ದಿನ ಕೈಗೆ ಬರುವುದಿಲ್ಲ. ಕೋಣೆಯ ಪುಟ್ಟ ಫ್ರಿಜ್‌ನಲ್ಲಿಟ್ಟ ಪಾನೀಯಗಳನ್ನು ಸರಿಸಿ ನಿಮ್ಮ ನೀರಿನ ಬಾಟಲಿ ಇಡಲು ಹೋಗಬೇಡಿ. ಹಲವು ಹೋಟೆಲ್‌ಗಳಲ್ಲಿ ಅದರಡಿ ಸಂವೇದಕ ಇರುತ್ತದೆ, ಎತ್ತಿದ್ದು ಕುಡಿದ ಲೆಕ್ಕ. ನನ್ನ ಸಲಹೆ ಇಷ್ಟು: ಮೊದಲ ರಾತ್ರಿಗಳಿಗೆ ಆಟದ ಸಭಾಂಗಣಕ್ಕೆ ನಡೆದುಹೋಗುವಷ್ಟು ಹತ್ತಿರ ಕೋಣೆ ಮಾಡಿ, ನಂತರದ ರಾತ್ರಿಗಳಿಗೆ ರದ್ದು ಮಾಡಬಹುದಾದ ಇನ್ನೊಂದನ್ನು ಊರಿನ ಒಳಗೆಲ್ಲಾದರೂ ಕಾದಿರಿಸಿ. ವಿಮಾನದ ಟಿಕೆಟ್ ದಿನಾಂಕ ಬದಲಿಸುವಂಥದ್ದೇ ಇರಲಿ. ಅಗ್ಗದ ಟಿಕೆಟ್‌ನ ಉಳಿತಾಯ ಇಲ್ಲಿ ಉಳಿತಾಯವೇ ಅಲ್ಲ.

ಸಭಾಂಗಣದ ಹೆಸರಿನಲ್ಲೂ ಒಂದು ಗೊಂದಲವಿದೆ. 1970ರಲ್ಲಿ ಈ ಸರಣಿ ಆರಂಭವಾದದ್ದು ಹಳೆಯ ಪೇಟೆಯ ಫ್ರೀಮಾಂಟ್ ಬೀದಿಯಲ್ಲಿರುವ ಬಿನಿಯನ್ಸ್ ಹಾರ್ಸ್‌ಶೂ ಎಂಬಲ್ಲಿ. 2005ರಿಂದ ಅದು ರಿಯೊ ಹೋಟೆಲಿಗೆ ಹೋಯಿತು. 2022ರಲ್ಲಿ ಸ್ಟ್ರಿಪ್ ರಸ್ತೆಯ ಪ್ಯಾರಿಸ್ ಮತ್ತು ಅದರ ಪಕ್ಕದ ಬ್ಯಾಲೀಸ್ ಹೋಟೆಲುಗಳಿಗೆ ಬಂತು. ಆ ಬ್ಯಾಲೀಸ್‌ಗೇ ಈಗ ಹಾರ್ಸ್‌ಶೂ ಎಂದು ಹೆಸರು. ಹಾಗಾಗಿ ಹಳೆಯ ಪುಸ್ತಕ, ಹಳೆಯ ವಿಡಿಯೊ ನೋಡಿ ಫ್ರೀಮಾಂಟ್ ಬೀದಿಯಲ್ಲಿ ಇಳಿದರೆ ಮೈಲಿಗಟ್ಟಲೆ ದೂರ ಉಳಿಯುತ್ತೀರಿ. ಈಗಿನ ಎರಡೂ ಕಟ್ಟಡಗಳು ಒಳಗಿನಿಂದಲೇ ಸೇರಿಕೊಂಡಿವೆ, ಆದರೆ ಒಂದರ ತುದಿಯಿಂದ ಇನ್ನೊಂದರ ತುದಿಗೆ ನಡೆಯಲು ಸಾಕಷ್ಟು ಹೊತ್ತು ಬೇಕು. ನಿಮ್ಮ ಚೀಟಿಯಲ್ಲಿ ಯಾವ ಕಟ್ಟಡ, ಯಾವ ಕೊಠಡಿ ಎಂದಿದೆ ನೋಡಿಕೊಂಡೇ ಹೆಜ್ಜೆ ಹಾಕಿ. ಹೆಸರು ನೋಂದಾಯಿಸುವುದನ್ನು ಹಿಂದಿನ ರಾತ್ರಿಯೇ ಮುಗಿಸಿ. ಪಾಸ್‌ಪೋರ್ಟ್ ಜೇಬಿನಲ್ಲೇ ಇರಲಿ. 21 ವರ್ಷ ತುಂಬಿರಬೇಕು ಎಂಬುದಕ್ಕೆ ಅಲ್ಲಿ ರಿಯಾಯಿತಿ ಇಲ್ಲ.

ಹೊರಗೆ ಜೂನ್ ತಿಂಗಳ ಮರುಭೂಮಿ, 40 ಡಿಗ್ರಿ ದಾಟಿದ ಬಿಸಿಲು. ಒಳಗೆ ನಡುಕ. ಜನಜಂಗುಳಿ ನನಗೆ ಎಂದೂ ತೊಂದರೆಯೆನಿಸಿಲ್ಲ. ಸಾವಿರಾರು ಜನ ಒಟ್ಟಿಗೆ ಚಿಪ್‌ಗಳನ್ನು ಬೆರಳಲ್ಲಿ ಕಲೆಸುವ ಸದ್ದು, ತಗಡಿನ ಮಾಡಿನ ಮೇಲೆ ಬಿಟ್ಟೂಬಿಡದೆ ಆಲಿಕಲ್ಲು ಬಿದ್ದಂತೆ, ನನಗೆ ಹಿತವೇ ಆಯಿತು. ಚಳಿಯನ್ನು ಮಾತ್ರ ನಾನು ಸಹಿಸಲಾರೆ. ಹನ್ನೆರಡು ಗಂಟೆ ಆ ಹವಾನಿಯಂತ್ರಣದಡಿ ಕೂರುವವರು ಉಣ್ಣೆಯ ಅಂಗಿಯನ್ನು ಸೂಟ್‌ಕೇಸಿನಲ್ಲಿ ಅಲ್ಲ, ಹೆಗಲ ಮೇಲೆ ಇಟ್ಟುಕೊಂಡು ಹೋಗಿ. ಸಭಾಂಗಣದೊಳಗೆ ಸಿಗರೇಟಿಲ್ಲ, ಅಲ್ಲಿಗೆ ಹೋಗುವ ದಾರಿಯ ಕ್ಯಾಸಿನೊ ಅಂಗಳದಲ್ಲಿ ಧಾರಾಳವಾಗಿದೆ.

ಮೇಜಿನಲ್ಲಿ ಹೊಸಬರನ್ನು ಕೆಡವುವ ನಿಯಮ ಒಂದಿದೆ. ಎದುರಾಳಿ ಪಣ ಕಟ್ಟಿದಾಗ ನೀವು ಬಾಯಿ ಬಿಡದೆ ಒಂದೇ ಒಂದು ದೊಡ್ಡ ಮೌಲ್ಯದ ಚಿಪ್ ಎಸೆದರೆ ಅದು ಬರೀ ಸರಿಸಮ ಮಾಡಿದಂತೆ, ಏರಿಸಿದಂತೆ ಅಲ್ಲ. ಏರಿಸಬೇಕಿದ್ದರೆ ಮೊದಲು ಬಾಯಲ್ಲಿ ಹೇಳಬೇಕು. ಹೇಳಿದ ಮಾತು ಹಿಂದಕ್ಕೆ ಬರುವುದಿಲ್ಲ. ಆಟ ನಡೆಯುವಾಗ ಮೇಜಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವಂತಿಲ್ಲ. ಪಕ್ಕದಲ್ಲಿ ಮಂಡ್ಯದವರೇ ಕುಳಿತಿದ್ದರೂ ವಿರಾಮದವರೆಗೆ ಕಾಯಿರಿ.

ಈಗ ಲೆಕ್ಕ. ಬಹುಮಾನ ಸಿಗುವುದು ಸುಮಾರು ನೂರಕ್ಕೆ ಹದಿನೈದು ಜನರಿಗೆ. 2023ರ 10,000 ಡಾಲರ್ ಪ್ರವೇಶದ ಮುಖ್ಯ ಸ್ಪರ್ಧೆಗೆ 10,043 ಮಂದಿ ಬಂದಿದ್ದರು. 1,507 ಜನರಿಗೆ ಹಣ ಸಿಕ್ಕಿತು. ಕೊನೆಯವರಿಗೆ 15,000, ಮೊದಲನೆಯವರಿಗೆ 1.21 ಕೋಟಿ ಡಾಲರ್. ಉಳಿದ ಎಂಟೂವರೆ ಸಾವಿರ ಮಂದಿ ಬರಿಗೈಯಲ್ಲಿ ಹೊರಟವರು, ಅವರಲ್ಲಿ ಆಟ ಚೆನ್ನಾಗಿ ಬಲ್ಲವರೂ ಇದ್ದರು. ಜೋಡಿ ಎಕ್ಕ ಹಿಡಿದು ಜೋಡಿ ರಾಜನ ಎದುರು ಎಲ್ಲ ಚಿಪ್ ಹಾಕಿದರೂ ಗೆಲ್ಲುವುದು ನೂರಕ್ಕೆ 82 ಬಾರಿ. ಇಂಥ ಐದಕ್ಕೆ ನಾಲ್ಕರ ಅನುಕೂಲವಿರುವ ಪಣವನ್ನು ಆರು ಬಾರಿ ಕಟ್ಟಿ ಆರೂ ಗೆಲ್ಲುವ ಸಾಧ್ಯತೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ದೊಡ್ಡ ಟೂರ್ನಮೆಂಟಿನಲ್ಲಿ ಕೊನೆಯವರೆಗೆ ಹೋಗಲು ಆರಕ್ಕಿಂತ ಎಷ್ಟೋ ಹೆಚ್ಚು ಬೇಕು. ಆದ್ದರಿಂದ ಹೊರಡುವ ಮುನ್ನ ಒಟ್ಟು ಹಣವನ್ನು ಖರ್ಚು ಎಂದೇ ಬರೆದುಕೊಳ್ಳಿ. ಸೋತ ಸಿಟ್ಟಿನಲ್ಲಿ ಪಕ್ಕದ ಅಂಗಳದ ರೂಲೆಟ್ ಚಕ್ರದ ಮುಂದೆ ನಿಲ್ಲುವವರನ್ನು ಅಲ್ಲಿ ಎಲ್ಲ ಹೊತ್ತಿನಲ್ಲೂ ಕಾಣಬಹುದು. ಪೋಕರ್‌ನಲ್ಲಿ ಹೋದ ಹಣ ಅಲ್ಲಿ ಬರುವುದಿಲ್ಲ.

ಸಣ್ಣ ಶುಲ್ಕದ ದಿನನಿತ್ಯದ ಆಟಗಳು ಅಗ್ಗವಾಗಿ ಕಾಣುತ್ತವೆ. ಮುಖ್ಯ ಸ್ಪರ್ಧೆಯಲ್ಲಿ 10,000ದಲ್ಲಿ 9,300 ಡಾಲರ್ ಬಹುಮಾನದ ನಿಧಿಗೆ ಹೋಗುತ್ತದೆ. ಶುಲ್ಕ ಕಡಿಮೆಯಾದಂತೆ ಸಂಘಟಕರ ಪಾಲಿನ ಶೇಕಡಾವಾರು ಏರುತ್ತದೆ, ಬ್ಲೈಂಡ್‌ಗಳೂ (ಎಲೆ ನೋಡುವ ಮೊದಲೇ ಸರದಿಯಂತೆ ಕಟ್ಟಲೇಬೇಕಾದ ಪಣ) ಬೇಗ ಬೇಗ ಹೆಚ್ಚುತ್ತವೆ. ಮುಖ್ಯ ಸ್ಪರ್ಧೆಯಲ್ಲಿ ಎರಡು ಗಂಟೆಗೊಮ್ಮೆ ಏರುವ ಬ್ಲೈಂಡ್ ಇಲ್ಲಿ ಕೆಲವೊಮ್ಮೆ ಅರ್ಧ ಗಂಟೆಗೇ ಏರಿ, ಯೋಚಿಸುವ ಮೊದಲೇ ಚಿಪ್ ಕರಗಿರುತ್ತದೆ. ನನಗೆ ಇವಕ್ಕಿಂತ ಸ್ಯಾಟಲೈಟ್ ಆಟಗಳು ಮೇಲು. ಅಲ್ಲಿ ಗೆದ್ದರೆ ದೊಡ್ಡ ಟೂರ್ನಮೆಂಟಿಗೆ ಪ್ರವೇಶ. 2003ರಲ್ಲಿ ಟೆನೆಸ್ಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ ಆನ್‌ಲೈನ್ ಸ್ಯಾಟಲೈಟ್ ಗೆದ್ದು ಬಂದು 839 ಜನರ ನಡುವೆ 25 ಲಕ್ಷ ಡಾಲರ್ ಗೆದ್ದದ್ದೇ ಈ ಜಾತ್ರೆ ಇಷ್ಟು ಬೆಳೆಯಲು ಕಾರಣ. ಮೂರೇ ವರ್ಷದಲ್ಲಿ ಸ್ಪರ್ಧಿಗಳು 8,773 ಆದರು. ಹಲವು ಪ್ರವೇಶಗಳನ್ನು ಹಂಚುವ ಸ್ಯಾಟಲೈಟಿನಲ್ಲಿ ಮೊದಲಿಗರಿಗೂ ಪ್ರವೇಶ ಗಿಟ್ಟಿಸುವ ಕೊನೆಯ ಸ್ಥಾನದವರಿಗೂ ಒಂದೇ ಬಹುಮಾನ. ಸಾಕಷ್ಟು ಚಿಪ್ ಕೂಡಿದ ಮೇಲೆ ಜೋಡಿ ಎಕ್ಕ ಬಂದರೂ ಎಸೆದು ಸುಮ್ಮನಿರುವುದು ಅಲ್ಲಿ ಜಾಣತನ.

ನಡುವಿನ ದಿನಗಳ ಬಗ್ಗೆ ಹೇಳಲು ಏನಿಲ್ಲ, ಹೆಚ್ಚಾಗಿ ಮಲಗಿದ್ದೆ. ಊಟದ ಬಗ್ಗೆ ಮಾತ್ರ ಹೇಳಲೇಬೇಕು. ಆಟದ ಸಭಾಂಗಣದ ಬಳಿಯ ತಿಂಡಿ ದುಬಾರಿ, ರುಚಿ ಅಷ್ಟಕ್ಕಷ್ಟೆ, ವಿರಾಮದಲ್ಲಿ ಎಲ್ಲರೂ ಒಮ್ಮೆಗೇ ಎದ್ದು ಬರುವುದರಿಂದ ಸಾಲು ಮುಗಿಯುವುದಿಲ್ಲ. ಹೊರಬಿದ್ದ ರಾತ್ರಿ ಸ್ಟ್ರಿಪ್‌ನಲ್ಲಿ ದಿನವಿಡೀ ಓಡಾಡುವ ಡ್ಯೂಸ್ ಬಸ್ ಹತ್ತಿ ಉತ್ತರಕ್ಕೆ, ಎನ್‌ಕೋರ್ ಹೋಟೆಲಿನ ಹತ್ತಿರ ಇಳಿಯಿರಿ. ಅಲ್ಲಿ ಟಾಕೋಸ್ ಎಲ್ ಗೋರ್ಡೊ ಎಂಬ, ಟಿಹುವಾನಾ ಶೈಲಿಯ ಮೆಕ್ಸಿಕನ್ ತಿನಿಸಿನ ಅಂಗಡಿ ಇದೆ. ಒಂದೊಂದು ಬಗೆಯ ಮಾಂಸಕ್ಕೆ ಒಂದೊಂದು ಸಾಲು. ಯಾವುದರಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲದಿದ್ದರೆ ಅತಿ ಉದ್ದದ ಸಾಲಿಗೇ ಸೇರಿಕೊಳ್ಳಿ, ಅದು ಅಡೊಬಾಡಾ. ಮಸಾಲೆ ಹಚ್ಚಿ ನಿಲುವು ಕೋಲಿಗೆ ಪೇರಿಸಿದ ಹಂದಿಮಾಂಸ ಬೆಂಕಿಯ ಮುಂದೆ ತಿರುಗುತ್ತಿರುತ್ತದೆ. ಕೇಳಿದಾಗ ಚಕಚಕನೆ ಹೆರೆದು, ಬಿಸಿ ಮೆಕ್ಕೆಜೋಳದ ರೊಟ್ಟಿಯ ಮೇಲೆ ಹಾಕಿ, ಈರುಳ್ಳಿ ಕೊತ್ತಂಬರಿ ಉದುರಿಸಿ ಕೊಡುತ್ತಾರೆ. ಅಂಗೈಯಗಲದ್ದು, ಕೆಲವೇ ಡಾಲರ್. ಮೂರು ತಿಂದರೆ ಹೊಟ್ಟೆ ತುಂಬುತ್ತದೆ, ನಾಲ್ಕನೆಯದು ನಾಲಿಗೆಗೆ. ಕೂರಲು ಜಾಗ ಸಿಗದು, ನಿಂತೇ ತಿನ್ನಿ. ಪಕ್ಕದಲ್ಲಿ ನಿಂತವರಲ್ಲಿ ಒಬ್ಬರಾದರೂ ಆ ದಿನ ಎಕ್ಕದ ಜೋಡಿ ಸೋತ ಕಥೆ ಹೇಳುತ್ತಿರುತ್ತಾರೆ, ಕೇಳಿಸಿಕೊಳ್ಳದಿರುವುದು ಒಳ್ಳೆಯದು. ಸಸ್ಯಾಹಾರಿಗಳಿಗೆ ಈ ಜಾಗ ಅಲ್ಲ.

ಅಪರಿಚಿತರು ಬಂದು ‘ನಿನ್ನ ಗೆಲುವಿನಲ್ಲಿ ಐದು ಶೇಕಡ ನನಗೆ, ನನ್ನದರಲ್ಲಿ ಐದು ನಿನಗೆ’ ಎಂದರೆ ನಯವಾಗಿ ಬೇಡ ಎನ್ನಿ. ಸ್ನೇಹಿತರೊಂದಿಗೆ ಮಾಡಿಕೊಂಡರೂ ಮೊಬೈಲ್‌ನಲ್ಲಿ ಸಂದೇಶವಾಗಿ ಬರೆದಿಡಿ.

ದೊಡ್ಡ ಮೊತ್ತ ಗೆದ್ದರೆ ಏನಾಗುತ್ತದೆಂದು ಮೊದಲೇ ತಿಳಿದಿರಲಿ. ನನ್ನ ಬಹುಮಾನ ಅಷ್ಟು ದೊಡ್ಡದಿರಲಿಲ್ಲ, ತೆರಿಗೆ ಬೀಳಲಿಲ್ಲ. ಪ್ರವೇಶ ಶುಲ್ಕ ಕಳೆದು ನಿಗದಿತ ಮಿತಿ ದಾಟಿದರೆ ವಿದೇಶಿಯರಿಂದ ಶೇಕಡ 30 ಅಲ್ಲೇ ಕಡಿತ. ತೆರಿಗೆ ಒಪ್ಪಂದದ ಬಲದಿಂದ ಬ್ರಿಟನ್, ಜರ್ಮನಿ, ಜಪಾನಿನವರು ಈ ಕಡಿತದಿಂದ ಪಾರಾಗುತ್ತಾರೆ. ಭಾರತಕ್ಕೆ ಆ ವಿನಾಯಿತಿ ಇಲ್ಲ. ಕೊಟ್ಟ ಕಾಗದವನ್ನು ಜೋಪಾನವಾಗಿ ತಂದು ಇಲ್ಲಿನ ಲೆಕ್ಕಪರಿಶೋಧಕರಿಗೆ ತೋರಿಸಿ. ಹಾಗೆಯೇ 10,000 ಡಾಲರ್‌ಗಿಂತ ಹೆಚ್ಚು ನಗದು ಹಿಡಿದು ಅಮೆರಿಕ ಬಿಡುವಾಗ ಸುಂಕದ ಅಧಿಕಾರಿಗಳಿಗೆ ಬರೆದು ತಿಳಿಸಬೇಕು, ಇಲ್ಲವಾದರೆ ಹಣವನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದು. ಅದಕ್ಕಿಂತ ಬ್ಯಾಂಕ್ ಖಾತೆಗೇ ಕಳುಹಿಸಿ ಎಂದು ಪಾವತಿ ಕೌಂಟರಿನಲ್ಲಿ ಕೇಳಿಕೊಳ್ಳುವುದು ಸುಲಭ. ಖಾತೆಯ ವಿವರ, ಬ್ಯಾಂಕಿನ ಸ್ವಿಫ್ಟ್ ಸಂಕೇತ ಬರೆದುಕೊಂಡು ಹೋಗಿ.