ಅಪ್ಪ ಅಮ್ಮನ ಜೊತೆ ಆರ್‌ವಿಲಿ ಮೂರು ರಾತ್ರಿ, ಲಡಿಂಗ್ಟನ್‌ನ ಕೆರೆ ದಡದಲ್ಲಿ

2023ರ ಜನವರಿ, ಹೊರಗಿನ್ನೂ ಪೂರ್ತಿ ಬೆಳಕಾಗಿರ್ಲಿಲ್ಲ, ನಾನೂ ನಮ್ಮನೆಯವ್ರೂ ಒಂದೊಂದು ಲ್ಯಾಪ್‌ಟಾಪ್ ಹಿಡ್ಕೊಂಡು ಎಂಟು ಗಂಟೆ ಆಗೋದನ್ನೇ ಕಾಯ್ತಿದ್ವಿ. ಮಿಶಿಗನ್ ಸ್ಟೇಟ್ ಪಾರ್ಕ್‌ಗಳಲ್ಲಿ ಕ್ಯಾಂಪ್‌ಸೈಟ್, ಅಂದ್ರೆ ಆರ್‌ವಿ (ಒಳಗೇ ಮಲಗೋಕೆ, ಅಡುಗೆಗೆ ಅನುಕೂಲ ಇರೋ ಗಾಡಿ) ನಿಲ್ಲಿಸೋ ಜಾಗದ ಬುಕಿಂಗ್ ಸರಿಯಾಗಿ ಆರು ತಿಂಗಳು ಮುಂಚೆ ಬೆಳಿಗ್ಗೆ ಎಂಟಕ್ಕೆ ಓಪನ್ ಆಗುತ್ತೆ, ಬೇಸಿಗೆ ದಿನಗಳಾದ್ರೆ ನೋಡ್ತಾ ನೋಡ್ತಾನೇ ಖಾಲಿ. ಅಪ್ಪ ಅಮ್ಮ ಹಿರಿಯೂರಿಂದ ಮೊದಲ್ನೇ ಸಲ ಬರೋರಿದ್ರು, ಅವ್ರ ಫ್ಲೈಟ್ ಟಿಕೆಟ್ ಕೂಡ ಇನ್ನೂ ಮಾಡಿರ್ಲಿಲ್ಲ. ಜುಲೈ ಮಧ್ಯದಲ್ಲಿ ಮೂರು ರಾತ್ರಿಗೆ ಲಡಿಂಗ್ಟನ್‌ನಲ್ಲಿ ಸೈಟ್ ಸಿಕ್ತು, ಅದಕ್ಕೆ ಹೊಂದೋ ಹಾಗೆ ಆಮೇಲೆ ಟಿಕೆಟ್ ಮಾಡಿದ್ವಿ.

ಎಲ್ರೂ ಕೇಳಿದ್ರು, ನಯಾಗರ ಬಿಟ್ಟು ಅಲ್ಲಿಗ್ಯಾಕೆ ಕರ್ಕೊಂಡು ಹೋಗ್ತೀರ ಅಂತ. ವಯಸ್ಸಾದವ್ರನ್ನ ದಿನಾ ಒಂದೊಂದು ಊರಿಗೆ ಎಳ್ಕೊಂಡು ಹೋದ್ರೆ ಅವ್ರಿಗೆ ನೆನಪಲ್ಲಿ ಉಳಿಯೋದು ಕಾರಿನ ಸೀಟು ಮತ್ತೆ ಹೋಟ್ಲು ರೂಮು ಅಷ್ಟೇ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಕಡೆ ಕೂತ್ಕೊಂಡು, ಬೆಳಿಗ್ಗೆ ಎದ್ದು ತಮ್ಮ ಪಾಡಿಗೆ ತಾವು ನೀರಿನ ಹತ್ರ ನಡ್ಕೊಂಡು ಹೋಗಿ ಬರೋ ಹಾಗಿರ್ಬೇಕು. ಲಡಿಂಗ್ಟನ್ ಸ್ಟೇಟ್ ಪಾರ್ಕ್ ಅದಕ್ಕೆ ಹೇಳಿ ಮಾಡ್ಸಿದ ಜಾಗ, ಒಂದು ಕಡೆ ಲೇಕ್ ಮಿಶಿಗನ್, ಇನ್ನೊಂದು ಕಡೆ ಹ್ಯಾಮ್ಲಿನ್ ಲೇಕ್, ಎರಡರ ಮಧ್ಯೆ ಬಿಗ್ ಸೇಬಲ್ ಅನ್ನೋ ಪುಟ್ಟ ನದಿ.

ಸೈಟ್ ಆರಿಸೋವಾಗ ಫೋಟೋದಲ್ಲಿ ನೀರು ಕಾಣುತ್ತಾ ಅಂತ ನೋಡೋಕೆ ಹೋಗ್ಬೇಡಿ. ಮ್ಯಾಪ್ ತೆಗೆದು ಬಾತ್‌ರೂಮ್ ಎಷ್ಟು ದೂರ, ನೆರಳಿದ್ಯಾ, ನೆಲ ಮಟ್ಟವಾಗಿದ್ಯಾ ನೋಡಿ. ಪೈನ್ಸ್ ಕ್ಯಾಂಪ್‌ಗ್ರೌಂಡ್ ಲೇಕ್ ಮಿಶಿಗನ್‌ಗೆ ಹತ್ರ, ಸೀಡರ್ ನಡುವೆ, ಬೀಚ್‌ವುಡ್ ಹ್ಯಾಮ್ಲಿನ್ ಕಡೆಗೆ. ನಾವು ಸೀಡರ್ ತಗೊಂಡ್ವಿ, ಬಾತ್‌ರೂಮ್‌ಗೆ ಅಮ್ಮನ ನಡಿಗೇಲೂ ಎರಡೇ ನಿಮಿಷ. ರಾತ್ರಿ ಎರಡೆರಡು ಸಲ ಏಳೋರಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಇಲ್ಲ.

ಗಾಡಿ 25 ಅಡಿದು, ಆರು ಜನ ಮಲಗಬಹುದು, ಮಾಮೂಲಿ ಲೈಸೆನ್ಸೇ ಸಾಕು. ನಮ್ಮಪ್ಪ ಕೆಎಸ್‌ಆರ್‌ಟಿಸಿಲಿ ಡ್ರೈವರ್ ಆಗಿದ್ದವ್ರು, ರಿಟೈರ್ ಆಗಿ ಹನ್ನೆರಡು ವರ್ಷ ಆಯ್ತು. ಬಾಡಿಗೆ ಕೊಡೋರು ನಮ್ಮನೆಯವ್ರಿಗೆ ಪಂಪು, ಹೀಟರು ಎಲ್ಲ ತೋರಿಸ್ತಿದ್ದಾಗ ಅಪ್ಪ ಯಾರಿಗೂ ಹೇಳ್ದೆ ಗಾಡಿ ಸುತ್ತ ಹೋಗಿ ಒಂದೊಂದು ಟೈರಿಗೂ ಕೋಲಿಂದ ತಟ್ಟಿ ಕಿವಿ ಕೊಟ್ಟು ಕೇಳ್ತಿದ್ರು. ಹಿಂದಿಂದು ಡಬಲ್ ಟೈರು, ಅದ್ರಲ್ಲಿ ಎಡಗಡೆ ಒಳಗಿಂದಕ್ಕೆ ತಟ್ಟಿದವ್ರೇ "ಅಳಿಯಂದ್ರೇ, ಇದ್ರಲ್ಲಿ ಗಾಳಿ ಇಲ್ಲ ಕಣ್ರೀ" ಅಂದ್ರು. ಬಾಡಿಗೆ ಕೊಡೋರು ಎಲ್ಲ ಚೆಕ್ ಆಗಿದೆ ಅಂದ್ರು, ಅಪ್ಪ ಒಪ್ಲೇ ಇಲ್ಲ. ಗೇಜ್ ಇಟ್ಟು ನೋಡಿದ್ರೆ ಇರಬೇಕಾದ್ದರ ಅರ್ಧದಷ್ಟೂ ಇರ್ಲಿಲ್ಲ! ಅಷ್ಟು ಭಾರ ಹೊತ್ಕೊಂಡು ಹೈವೇಲಿ ಹೋಗಿ ಟೈರ್ ಬಿಸಿಯಾಗಿ ಸಿಡಿದಿದ್ರೆ ಏನು ಗತಿ ಅಂತ ಇವತ್ತಿಗೂ ನಂಗೆ ಭಯ ಆಗುತ್ತೆ. ಒಳಗಿನ ಟೈರು ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ, ನೀವೂ ದಯವಿಟ್ಟು ಗೇಜ್ ಇಟ್ಟೇ ನೋಡಿ.

ಡೆಟ್ರಾಯ್ಟ್ ಹತ್ರದ ನೋವೈಯಿಂದ ಐ-96 ಹೈವೇ ಹಿಡ್ದು ಮಸ್ಕೀಗನ್‌ವರೆಗೆ, ಅಲ್ಲಿಂದ ಯುಎಸ್-31ರಲ್ಲಿ ಉತ್ತರಕ್ಕೆ, ಕಾರಲ್ಲಾದ್ರೆ ನಾಲ್ಕು ಗಂಟೆ ಒಳಗೇ ಆಗುತ್ತೆ, ನಮಗೆ ಐದಾಯ್ತು, ದಾರೀಲಿ ಚೆರಿ ಹಣ್ಣು ಮಾರೋ ಕಡೆ ನಿಲ್ಲಿಸಿದ್ವಿ. ಸೌದೆ ಮಾತ್ರ ಮನೆಯಿಂದ ತರ್ಲಿಲ್ಲ, ತರಲೂಬಾರದು. ಆಶ್ ಮರ ಕೊರೆಯೋ ಹಸಿರು ಹುಳ ಒಂದಿದೆ, ಅಮೆರಿಕದಲ್ಲಿ ಅದು ಮೊದಲು ಪತ್ತೆಯಾಗಿದ್ದೇ 2002ರಲ್ಲಿ ನಮ್ಮ ಡೆಟ್ರಾಯ್ಟ್ ಸುತ್ತಮುತ್ತ, ಸೌದೆ ಜೊತೆ ಊರೂರಿಗೂ ಹೋಗಿ ಕೋಟಿಗಟ್ಟಲೆ ಮರ ಒಣಗಿಸ್ತು. ಸೌದೆ ಅಲ್ಲೇ ಹತ್ರದಲ್ಲಿ ಸಿಗುತ್ತೆ, ಅದನ್ನೇ ತಗೊಳ್ಳಿ.

ಸೈಟಿಗೆ ಗಾಡಿ ರಿವರ್ಸ್ ಹಾಕೋವಾಗ ಅಪ್ಪ ಹಿಂದೆ ನಿಂತು ತಟ್ತಾ "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಅಂತ ಕೂಗಿದ್ರೆ ಪಕ್ಕದ ಸೈಟಿನ ಅಜ್ಜ ಅಜ್ಜಿ ಎದ್ದು ನಿಂತು ನೋಡಿದ್ರು, ಒಂದೇ ಏಟಿಗೆ ನೇರ ಒಳಗೆ. ಆ ಅಜ್ಜ ಬಂದು ಅಪ್ಪನ ಕೈ ಕುಲುಕಿದ್ರು. ಭಾಷೆ ಬರ್ದೆ ಇದ್ರೂ ಇಬ್ರೂ ಗಾಡಿ ಕೆಳಗೆ ಬಗ್ಗಿ ಅರ್ಧ ಗಂಟೆ ಏನೇನೋ ತೋರಿಸ್ಕೊಂಡ್ರು.

ನಮ್ಮ ಸೈಟಲ್ಲಿ ಕರೆಂಟ್ ಮಾತ್ರ ಇತ್ತು, ನೀರಿನ ಪೈಪಾಗ್ಲಿ ಚರಂಡಿ ಕನೆಕ್ಷನ್ ಆಗ್ಲಿ ಇರ್ಲಿಲ್ಲ, ಅದಕ್ಕೆ ಒಳಗೆ ಹೋಗೋ ಮುಂಚೆನೇ ಟ್ಯಾಂಕ್ ತುಂಬಿಸ್ಕೊಂಡ್ವಿ. ಗಾಡಿಗೆ ಸಿಗೋ ಕರೆಂಟ್ 30 ಆಂಪ್, ಅಂದ್ರೆ 120 ವೋಲ್ಟಿಗೆ 3600 ವಾಟ್, ಎಸಿ ಓಡ್ತಿರ್ಬೇಕಾದ್ರೆ ಮೈಕ್ರೋವೇವೂ ಕರೆಂಟ್ ಕುಕ್ಕರೂ ಒಟ್ಟಿಗೆ ಹಾಕಿದ್ರೆ ಟ್ರಿಪ್ ಆಗುತ್ತೆ. ಅಮ್ಮ ಒಂದು ದಿನ ನೋಡಿ ಕುಕ್ಕರ್ ಎತ್ತಿಟ್ಟು ಗ್ಯಾಸ್ ಒಲೆ ಮೇಲೇ ಮುದ್ದೆ ತೊಳಸಿದ್ರು, ಹುರುಳಿಕಾಳು ಸಾರು, ಹೊರಗಡೆ ಬೆಂಚ್ ಮೇಲೆ ಊಟ. ರಾತ್ರಿ ಪಾತ್ರೆ ಪದಾರ್ಥ ಏನೂ ಹೊರಗೆ ಬಿಡಬಾರದು, ಊಟ ಕದಿಯೋ ರಕೂನ್ ಪ್ರಾಣಿಗಳು ಬರ್ತಾವೆ.

ಎರಡನೇ ದಿನ ಮಕ್ಕಳು ಟ್ಯೂಬ್ ತಗೊಂಡು ಹ್ಯಾಮ್ಲಿನ್ ಡ್ಯಾಮ್ ಕೆಳಗಿಂದ ನದೀಲಿ ತೇಲ್ಕೊಂಡು ಬಂದ್ರು, ಬಹಳ ಕಡೆ ಸೊಂಟದಷ್ಟು ನೀರು, ಆದ್ರೂ ಲೈಫ್ ಜಾಕೆಟ್ ಹಾಕ್ಸಿದ್ವಿ. ಲೇಕ್ ಮಿಶಿಗನ್ ಕಡೆ ಮಾತ್ರ ಹುಷಾರು. ಅಲ್ಲಿ ಲೈಫ್‌ಗಾರ್ಡ್ ಇರಲ್ಲ, ಕೆಂಪು ಬಾವುಟ ಹಾರಿಸಿದ್ರೆ ಇಳೀಲೇಬೇಡಿ, ಅಲೆ ಒಳಗೆ ಎಳ್ಕೊಂಡುಬಿಡುತ್ತೆ.

ಅಪ್ಪ ಡ್ಯಾಮ್ ಹತ್ರಾನೇ ನಿಂತುಬಿಟ್ರು. ಚಿಕ್ಕ ಡ್ಯಾಮು, ಮೇಲಿಂದ ನೀರು ಬೀಳ್ತಾನೇ ಇರುತ್ತೆ. "ಇದು ದಿನಾ ಹಿಂಗೇ ಬೀಳುತ್ತೇನಮ್ಮ?" ಅಂದ್ರು. ಹೂಂ ಅಪ್ಪ, ವರ್ಷಪೂರ್ತಿ ಅಂದೆ. ತುಂಬಾ ಹೊತ್ತು ಮಾತಾಡ್ಲಿಲ್ಲ. ಹಿರಿಯೂರು ಹತ್ರದ ನಮ್ಮ ಮಾರಿಕಣಿವೆ ಡ್ಯಾಮು, ಅಂದ್ರೆ ವಾಣಿವಿಲಾಸ ಸಾಗರ, 1907ರಲ್ಲಿ ಕಟ್ಟಿ ಮುಗಿಸಿದ್ದು, ನಾವು ಇಲ್ಲಿ ನಿಂತಿದ್ದ ಹೊತ್ತಿಗೆ ಅದು 130 ಅಡಿ ತುಂಬಿ ಕೋಡಿ ಬಿದ್ದಿದ್ದು 1933ರಲ್ಲಿ, ಅದು ಬಿಟ್ರೆ 89 ವರ್ಷ ಆದ್ಮೇಲೆ 2022ರಲ್ಲಿ. ಅಪ್ಪ ಹುಟ್ಟೋಕೆ ಮುಂಚೆ ಒಂದು ಸಲ, ಅವ್ರಿಗೆ ಎಪ್ಪತ್ತಾದ ಮೇಲೆ ಒಂದು ಸಲ. ಆವತ್ತು ಅಮ್ಮನ್ನ ಕೂರಿಸ್ಕೊಂಡು ಹೋಗಿ ಆ ಜನದಲ್ಲಿ ನಿಂತು ಕೋಡಿ ನೋಡಿದ್ದನ್ನ ಮೊಮ್ಮಕ್ಕಳಿಗೆ ಅಲ್ಲೇ ಕೂತು ಹೇಳಿದ್ರು. ಇಲ್ಲೂ ಹಳೇ ಡ್ಯಾಮ್ ಇತ್ತು, ಮರದ ದಿಮ್ಮಿ ತೇಲಿಸೋಕೆ ಕಟ್ಟಿದ್ದು, 1888ರಲ್ಲಿ ಒಡೆದು ಹ್ಯಾಮ್ಲಿನ್ ಅನ್ನೋ ಹಳ್ಳೀನೇ ಕೊಚ್ಕೊಂಡು ಹೋಯ್ತು ಅಂತ ನಾನು ಹೇಳಿದಾಗ ಅಪ್ಪ ನೀರಿಗೆ ಕೈ ಮುಗಿದ್ರು.

ಮಾರನೇ ದಿನ ಬಿಗ್ ಸೇಬಲ್ ಲೈಟ್‌ಹೌಸ್. 1867ರದ್ದು, 112 ಅಡಿ, ಕಪ್ಪು ಬಿಳಿ ಪಟ್ಟೆ, ಹೋಗೋಕೇ ಹೆಚ್ಚುಕಮ್ಮಿ 1.8 ಮೈಲಿ ನಡೀಬೇಕು. ಮಂಡಿನೋವಿನವ್ರಿಗೆ ಕಷ್ಟ, ವರ್ಷದಲ್ಲಿ ಕೆಲವು ದಿನ ಬಸ್ ಬಿಡ್ತಾರೆ, ಅದನ್ನ ನೋಡಿ ಡೇಟ್ ಹಾಕ್ಕೊಂಡಿದ್ರೆ ಅಮ್ಮನೂ ಬರಬಹುದಿತ್ತು, ಆ ಬೇಜಾರು ನಂಗಿದೆ. ಸಂಜೆ ಎಲ್ರೂ ದಡದಲ್ಲಿ, ಒಂಬತ್ತೂಕಾಲು ದಾಟಿದ್ಮೇಲೆ ಸೂರ್ಯ ಮುಳುಗಿದ್ದು, ಅಷ್ಟೊತ್ತೂ ಅಮ್ಮ ಕಾಲು ನೀರಲ್ಲಿಟ್ಕೊಂಡು ಕೂತಿದ್ರು.

ಹೊರಡೋ ದಿನ ಡಂಪ್ ಸ್ಟೇಷನ್‌ನಲ್ಲಿ (ಗಾಡಿಯ ಕೊಳಕು ನೀರು ಖಾಲಿ ಮಾಡೋ ಜಾಗ) ಮೊದಲು ಟಾಯ್ಲೆಟ್ ಟ್ಯಾಂಕ್ ಬಿಡಿ, ಆಮೇಲೆ ಪಾತ್ರೆ ತೊಳೆದ ನೀರಿಂದು, ಆಗ ಪೈಪ್ ತಾನೇ ತೊಳೆದುಹೋಗುತ್ತೆ. ಗ್ಲೌಸ್ ಮರೀಬೇಡಿ. ಇನ್ನೊಂದು, ರಿಪೇರಿಗೆ ಅಂತ 2024ರ ಸೆಪ್ಟೆಂಬರ್‌ನಿಂದ ಸುಮಾರು ಹತ್ತು ತಿಂಗಳು ಈ ಪಾರ್ಕ್ ಮುಚ್ಚಿದ್ರು, ಆಮೇಲೆ ಮತ್ತೆ ತೆಗೆದಿದ್ದಾರೆ.

ಗಾಡಿ ವಾಪಸ್ ಕೊಡೋವಾಗ ನಮ್ಮನೆಯವ್ರು ಒಳಗೆ ಸೈನ್ ಹಾಕ್ತಿದ್ರು, ಅಪ್ಪ ಮೆಲ್ಲಗೆ "ಒಂದ್ಸಲ ಕೂತ್ಕೊಳ್ಲಾ?" ಅಂತ ಕೇಳಿದ್ರು. ಇಂಜಿನ್ ಆಫ್ ಆಗಿತ್ತು. ಡ್ರೈವರ್ ಸೀಟಲ್ಲಿ ಕೂತು, ಕನ್ನಡಿ ಸರಿಮಾಡ್ಕೊಂಡು, ಎರಡೂ ಕೈಲಿ ಸ್ಟೇರಿಂಗ್ ಹಿಡ್ಕೊಂಡ್ರು. ಎಡಗಾಲು ಕ್ಲಚ್ ಹುಡುಕ್ತಿತ್ತು.